ಲಾಡಿ ಬೇಡ, ಎಲಾಸ್ಟಿಕ್ ಹಾಕಿಕೊಡು ಅನ್ನುವ ಹೆಂಗಸರ ಪರವಾಗಿ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಹಾಸನ ಜಿಲ್ಲೆ, ಹಾಸನ.

ವಿಷಯ: ಹೆಂಗಸರ ಗರ್ಭಕೋಶ ತೆಗೆಯುವ ಮುಂಚೆ ಅವರಿಗೆ ತಿಳಿಸಿ ಹೇಳುವ, ಬೇರೆ ಚಿಕಿತ್ಸೆ ಕೊಟ್ಟು ನೋಡುವ ಮತ್ತು ಲೆಕ್ಕ ಇಡುವ ಬಗ್ಗೆ ಮನವಿ.

ಮಾನ್ಯರೇ,

ನಾನು ಬೇಲೂರು ತಾಲ್ಲೂಕಿನ ಒಂದು ಹಳ್ಳಿಯವಳು. 20 ವರ್ಷದಿಂದ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಲಂಗ, ಚೂಡಿದಾರ್, ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಸುತ್ತಲಿನ ನಾಲ್ಕೈದು ಊರಿನ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಅಳತೆ ಕೊಡುವಾಗ ಯಾರೂ ಸುಮ್ನೆ ನಿಲ್ಲುವುದಿಲ್ಲ. ಮೈಗೆ ಟೇಪು ಸುತ್ತಿದ ಕೂಡಲೇ ಮಾತೂ ಮೈಯ ಕಡೆಗೇ ತಿರುಗುತ್ತದೆ. ಮನೆಯಲ್ಲಿ ಅತ್ತೆಗೆ ಹೇಳದ್ದು, ಆಶಾ ಅಕ್ಕನಿಗೆ ಹೇಳದ್ದು ನನ್ನ ಹತ್ತಿರ ಹೇಳುತ್ತಾರೆ. ಹಾಗೆ ಕೇಳಿದ್ದರಲ್ಲಿ ಒಂದು ವಿಷಯ ನಿಮಗೆ ಗೊತ್ತಾಗಲೇಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಳತೆ ಪುಸ್ತಕ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಒಬ್ಬೊಬ್ಬರ ಹೆಸರಿನ ಕೆಳಗೆ ಎದೆ, ಸೊಂಟ, ತೋಳು, ಉದ್ದ ಬರೆದಿರುತ್ತೇನೆ. ಲಂಗದ ಅಳತೆ ಇರುವ ಕಡೆ ಕೆಲವರ ಹೆಸರಿನ ಮುಂದೆ ‘ಎ’ ಅಂತ ಗುರುತು ಮಾಡಿದ್ದೇನೆ. ಎ ಅಂದರೆ ಎಲಾಸ್ಟಿಕ್. “ಅಕ್ಕಾ, ಲಾಡಿ ಹಾಕಬೇಡ. ಕಟ್ಟಿದರೆ ಹೊಲಿಗೆ ಹತ್ರ ಒತ್ತುತ್ತೆ. ಎಲಾಸ್ಟಿಕ್ ಹಾಕಿಕೊಡು” ಅಂತ ಕೇಳಿದವರು ಅವರು. “ಹೆರಿಗೆದಾ?” ಅಂತ ಕೇಳುತ್ತೇನೆ. “ಅಲ್ಲ ಕಣಕ್ಕ, ಗರ್ಭಕೋಶ ತೆಗೆಸ್ಬಿಟ್ಟೆ” ಅನ್ನುತ್ತಾರೆ. ಹಲ್ಲು ಕೀಳಿಸಿದೆ ಅಂದ ಹಾಗೆ.

ಒಂದು ದಿನ ಕೂತು ಆ ಗುರುತಿನ ಹೆಸರುಗಳನ್ನು ಎಣಿಸಿದೆ. 11 ಇದ್ದವು. ಅದರಲ್ಲಿ ಇಬ್ಬರದು ಸಿಸೇರಿಯನ್ ಹೊಲಿಗೆ. ಉಳಿದ 9 ಜನ ಗರ್ಭಕೋಶ ತೆಗೆಸಿದವರು. ಆ 9 ಜನರಲ್ಲಿ 6 ಜನಕ್ಕೆ ಆಗ 40 ತುಂಬಿರಲಿಲ್ಲ. ಇದು ಸಮೀಕ್ಷೆಯಲ್ಲ, ಹೊಲಿಗೆ ಮಿಷಿನ್ ಮುಂದೆ ಕೂತವಳ ಕಣ್ಣಿಗೆ ಬಿದ್ದ ಲೆಕ್ಕ ಅಷ್ಟೆ. ಒಂಬತ್ತನೆಯ ಹೆಸರು ನನ್ನದು. ನನ್ನ ಲಂಗಕ್ಕೂ ಎಲಾಸ್ಟಿಕ್ಕೇ.

ನನ್ನದು ನಡೆದದ್ದು 2016ರಲ್ಲಿ. ನನಗೆ ಆಗ 34 ವರ್ಷ. ಎರಡು ಮಕ್ಕಳು. ಎರಡನೇದು ಸಿಸೇರಿಯನ್ ಆದಾಗಲೇ ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡಿಸಿದ್ದರು. ಆಮೇಲೆ ಕೆಲವು ವರ್ಷ ಚೆನ್ನಾಗಿದ್ದೆ. 33 ದಾಟಿದ ಮೇಲೆ ಮುಟ್ಟು ಜಾಸ್ತಿಯಾಯಿತು. 10–12 ದಿನ ಹೋಗುತ್ತಿತ್ತು. ಹೆಪ್ಪು ಹೆಪ್ಪಾಗಿ ಬೀಳುತ್ತಿತ್ತು. ಮಿಷಿನ್ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲೆ ಹಳೇ ಸೀರೆ ಮಡಚಿ ಹಾಕಿಕೊಂಡು ಕೂರುತ್ತಿದ್ದೆ. ಮದುವೆ ಸೀಸನ್. ಗಿರಾಕಿಗಳ ರೇಷ್ಮೆ ಬಟ್ಟೆ ಮಡಿಲಲ್ಲಿ ಇರುತ್ತಿತ್ತು. ಎಲ್ಲಿ ಕಲೆಯಾಗುತ್ತೋ ಅಂತ ಗಂಟೆಗೊಂದು ಸಲ ಎದ್ದು ಹಿತ್ತಲಿಗೆ ಓಡುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣು ಕತ್ತಲೆ.

ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಯಾರನ್ನೋ ಹಿಡಿದು ಬೈಯುವುದಕ್ಕೆ ಈ ಪತ್ರವಲ್ಲ. ಒಂದು ಸ್ಕ್ಯಾನಿಂಗ್ ಮಾಡಿದರು, ರಕ್ತ ತೆಗೆದರು. ಡಾಕ್ಟರು ನನ್ನನ್ನು ನೋಡಿದ್ದು ಹತ್ತು ನಿಮಿಷ ಇರಬಹುದು. “ಗರ್ಭಕೋಶ ಊದಿದೆ, ಹುಣ್ಣಾಗಿದೆ. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು. ಮಕ್ಕಳಾಗಿದೆ, ಆಪರೇಷನ್ನೂ ಆಗಿದೆ. ಇನ್ನು ಅದು ಯಾಕೆ ಬೇಕು?” ಅಂದರು. ಕ್ಯಾನ್ಸರ್ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ನಮ್ಮಂಥವರು ಏನು ಕೇಳುತ್ತೇವೆ ಹೇಳಿ? ಕೈಕಾಲು ತಣ್ಣಗಾಗುತ್ತದೆ. ಮಕ್ಕಳ ಮುಖ ಕಣ್ಣ ಮುಂದೆ ಬರುತ್ತದೆ. ಸಂಘದಲ್ಲಿ ಸಾಲ ತೆಗೆದು ದುಡ್ಡು ಕಟ್ಟಿದೆವು. ಎರಡು ಬಾಟಲ್ ರಕ್ತ ಹಾಕಿ ಆಪರೇಷನ್ ಮಾಡಿದರು.

ಅದಕ್ಕೆ ಮುಂಚೆ ಒಂದು ಕಾಗದಕ್ಕೆ ಸೈನ್ ಹಾಕಿಸಿಕೊಂಡರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ನಮ್ಮ ಯಜಮಾನರು ಹಾಕಿದರು, ಆಮೇಲೆ ನಾನು ಹಾಕಿದೆ. ಆಪರೇಷನ್ ಮುಗಿದ ಮೇಲೆ ತೆಗೆದದ್ದನ್ನು ಸ್ಟೀಲ್ ಟ್ರೇನಲ್ಲಿ ಇಟ್ಟುಕೊಂಡು ಬಂದು ಬಾಗಿಲ ಹತ್ತಿರ ಯಜಮಾನರಿಗೆ ತೋರಿಸಿದರಂತೆ. “ನೋಡಿ, ಎಷ್ಟು ಕೆಟ್ಟಿತ್ತು” ಅಂದರಂತೆ. ಅವರಿಗೆ ತಲೆ ಸುತ್ತಿ ಬಂದು ಬೆಂಚಿನ ಮೇಲೆ ಕೂತರು. ಟ್ರೇನಲ್ಲಿ ಏನೇನು ಇತ್ತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನನಗೆ ಅದನ್ನು ಯಾರೂ ತೋರಿಸಲಿಲ್ಲ. ಅದರ ಬಗ್ಗೆ ನನ್ನ ಹತ್ತಿರ ಮಾತೂ ಆಡಲಿಲ್ಲ.

ಮುಟ್ಟು ನಿಂತಿತು. ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದೆರಡು ತಿಂಗಳಲ್ಲಿ ಬೇರೆ ಶುರುವಾಯಿತು. ಕೂತಲ್ಲೇ ಕುತ್ತಿಗೆಯಿಂದ ಮೇಲಕ್ಕೆ ಬೆಂಕಿ ಹತ್ತಿದ ಹಾಗೆ ಬಿಸಿ. ಡಿಸೆಂಬರಿನ ಚಳಿಯಲ್ಲಿ ರಾತ್ರಿ ಎದ್ದು ಕಿಟಕಿ ತೆಗೆಯುತ್ತಿದ್ದೆ. ನಿದ್ದೆ ಇಲ್ಲ. ಸುಮ್ಸುಮ್ನೆ ಅಳು. ಮಂಡಿ ನೋವು. ಗಂಡ ಹೆಂಡಿರ ನಡುವಿನ ಮಾತೂ ಕಷ್ಟವಾಯಿತು. “ವಯಸ್ಸಾಯ್ತು” ಅಂತ ಎಲ್ಲರೂ ಅಂದರು. 35ಕ್ಕೆ ಏನು ವಯಸ್ಸು?

2023ರ ಮಳೆಗಾಲದಲ್ಲಿ ಹಿತ್ತಲ ಕಲ್ಲಿನ ಪಾಚಿ ಮೇಲೆ ಕಾಲು ಜಾರಿತು. ದೊಡ್ಡದಾಗಿ ಬೀಳಲೂ ಇಲ್ಲ, ಕೈ ಊರಿದೆ ಅಷ್ಟೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಕತ್ತರಿ ಹಿಡಿಯುವಷ್ಟು ಬಲ ಬರಲು ಮೂರು ತಿಂಗಳು ಬೇಕಾಯಿತು. ಗೌರಿ ಹಬ್ಬ, ದೀಪಾವಳಿಯ ದುಡಿಮೆ ಪೂರ್ತಿ ಹೋಯಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಆಮೇಲೆ ಮೂಳೆ ಗಟ್ಟಿ ನೋಡುವ ಪರೀಕ್ಷೆ ಮಾಡಿಸಿ, “ನಿಮಗೆ 41 ಅಂತೀರಿ, ಮೂಳೆ ಇಷ್ಟು ಸವೆದಿದೆಯಲ್ಲ. ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ?” ಅಂತ ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರು.

ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವತ್ತು ರಾತ್ರಿ ಬೀರುವಿನಿಂದ ನನ್ನ ಹಳೇ ಫೈಲು ತೆಗೆದು ಓದಿದಳು. ಹಿಮೋಗ್ಲೋಬಿನ್ 7.6 ಅಂತ ಇತ್ತು. ಥೈರಾಯ್ಡ್ ಪರೀಕ್ಷೆ ಮಾಡಿಸಿರಲಿಲ್ಲ. ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಲ್ಯಾಬಿಗೆ ಕಳಿಸಿದ ರಿಪೋರ್ಟ್ ಇರಲಿಲ್ಲ. ಸ್ಕ್ಯಾನಿಂಗಿನಲ್ಲಿ ‘ಬಲ್ಕಿ ಯೂಟ್ರಸ್’ ಅಂತ ಇತ್ತು. ಅಂದರೆ ಗರ್ಭಕೋಶ ಸ್ವಲ್ಪ ದಪ್ಪ ಇದೆ ಅಂತ. “ಮಕ್ಕಳಾದ ಹೆಂಗಸರಿಗೆ ಇದು ಸ್ವಲ್ಪ ದಪ್ಪ ಇರೋದು ಮಾಮೂಲಿ ಅಮ್ಮ, ಅದೊಂದೇ ಕಾಯಿಲೆ ಅಲ್ಲ” ಅಂದಳು. ಆಮೇಲೆ ಡಿಸ್ಚಾರ್ಜ್ ಕಾಗದದ ಒಂದು ಸಾಲನ್ನು ಎರಡು ಸಲ ಓದಿದಳು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ‘ಟಿಎಎಚ್ ವಿತ್ ಬಿಎಸ್‌ಒ’ ಅಂತ ಇತ್ತು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ, ಎರಡೂ ನಾಳ ತೆಗೆದಿದ್ದಾರೆ ಅಂತ ಅದರ ಅರ್ಥ.

ಏಳು ವರ್ಷ ನನ್ನ ಹೊಟ್ಟೆಯೊಳಗೆ ಏನಿದೆ, ಏನಿಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ, ಮಾನ್ಯರೇ.

ಮೂಳೆಗೆ, ಹೃದಯಕ್ಕೆ, ನಿದ್ದೆಗೆ ಬೇಕಾದ ಈಸ್ಟ್ರೋಜನ್ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಆ ಅಂಡಾಶಯದಲ್ಲಿ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಆ ಹಾರ್ಮೋನು ನಿಧಾನವಾಗಿ ಕಡಿಮೆಯಾಗುತ್ತಾ ಬರುತ್ತದೆ. ನನಗೆ 34ಕ್ಕೆ ಒಂದೇ ಬೆಳಿಗ್ಗೆ ನಿಂತುಹೋಯಿತು. 45ರ ಒಳಗೆ ಎರಡೂ ಅಂಡಾಶಯ ತೆಗೆದರೆ, ಬೇರೆ ತೊಂದರೆ ಇಲ್ಲದವರಿಗೆ ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗೂ ಹಾರ್ಮೋನಿನ ಮಾತ್ರೆ ಕೊಡಬೇಕು ಅನ್ನುತ್ತದೆ ವೈದ್ಯಶಾಸ್ತ್ರ. ನನಗೆ ಕೊಟ್ಟದ್ದು ಹೊಲಿಗೆ ಬಿಚ್ಚುವ ತಾರೀಕು ಬರೆದ ಚೀಟಿ ಮಾತ್ರ. ಅಂಡಾಶಯ ಉಳಿಸಿ ಬರೀ ಗರ್ಭಕೋಶ ತೆಗೆದರೂ ಅಂಡಾಶಯ ಕೆಲವು ವರ್ಷ ಮುಂಚೆಯೇ ಸೋಲಬಹುದಂತೆ. ಇದನ್ನು ನನ್ನ ಪುಸ್ತಕದ ಉಳಿದ ಎಂಟು ಜನಕ್ಕೆ ಕೇಳಿದೆ. ಅಂಡಾಶಯ ಇದೆಯೋ ಇಲ್ಲವೋ ಅಂತ ಖಂಡಿತವಾಗಿ ಹೇಳಿದವಳು ಒಬ್ಬಳೇ. ಉಳಿದವರು “ಅದು ಬೇರೆ, ಇದು ಬೇರೆನಾ ಅಕ್ಕ?” ಅಂದರು.

ತೆಗೆದದ್ದರ ಲ್ಯಾಬ್ ರಿಪೋರ್ಟ್ ಕೇಳಲು ಆಸ್ಪತ್ರೆಗೆ ಹೋದೆ. ಹಳೇ ರೆಕಾರ್ಡ್ ಇಲ್ಲ ಅಂದರು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ನಾನು ಕೇಳುವುದು ಕಲಿಯುವ ಹೊತ್ತಿಗೆ ಮೂರು ವರ್ಷ ಯಾವತ್ತೋ ಮುಗಿದಿತ್ತು. ಅದಕ್ಕೇ ಕಾಗದ ಎಲ್ಲ ಮನೆಗೆ ಹೋಗುವ ದಿನವೇ ಹೆಂಗಸಿನ ಕೈಗೆ ಬರಬೇಕು ಅನ್ನುತ್ತಿದ್ದೇನೆ.

ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅವರು ಒಪ್ಪಿದ್ದು ಕೊಳವೆ ಹಾಕಿ ಒಳಗೆ ನೋಡುವ ಪರೀಕ್ಷೆಗೆ. ಅವರಿಗೆ ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ ಅವರ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದಿದ್ದರು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ಹೆಂಗಸಿನ ಬದಲು ಬೇರೆಯವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಅಂದಿತು ಕೋರ್ಟು. ಏನು ಮಾಡುತ್ತೇವೆ, ಅದರಿಂದ ಏನಾಗಬಹುದು, ಬೇರೆ ದಾರಿ ಏನಿದೆ ಅಂತ ರೋಗಿಗೆ ಅರ್ಥವಾಗುವ ಹಾಗೆ ಹೇಳಬೇಕು ಅಂತಲೂ ಅಂದಿತು. ನನ್ನ ಸೈನ್ ಇದೆ, ಹೌದು. ಅರ್ಥವಾಗದ ಭಾಷೆಯಲ್ಲಿ, ಗುರುತು ಹಾಕಿದ ಕಡೆ ಹಾಕಿದ ಸೈನ್ ಅದು.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ 29 ವರ್ಷದ ಒಬ್ಬ ಹುಡುಗಿ ಅಂಗಡಿಗೆ ಬಂದಳು. ತಮ್ಮನ ಮದುವೆಗೆ ಬ್ಲೌಸು ಕೊಟ್ಟಿದ್ದಳು. “ಅಕ್ಕಾ, ಬೇಗ ಹೊಲಿದುಕೊಡು, ಸೋಮವಾರ ಅಡ್ಮಿಟ್ ಆಗ್ಬೇಕು” ಅಂದಳು. ಏನಕ್ಕೆ ಅಂದೆ. ಅದಕ್ಕೇ. ನನ್ನ ಹಾಗೇ ಜಾಸ್ತಿ ಹೋಗುತ್ತಿತ್ತು. ಬಿಳಿ ಸೆರಗೂ ಇತ್ತು. “ಗರ್ಭಕೋಶ ಕೆಟ್ಟಿದೆ” ಅಂದಿದ್ದರಂತೆ. ಕೈಯಲ್ಲಿದ್ದ ಟೇಪು ಕೆಳಗಿಟ್ಟೆ. ಅವಳ ಗಂಡನ ಹತ್ತಿರ, ಅತ್ತೆಯ ಹತ್ತಿರ ಮಾತಾಡಿದೆ. ನನ್ನ ಫೈಲು ತೋರಿಸಿದೆ. “ಒಂದೇ ಒಂದು ಸಲ ಇನ್ನೊಬ್ಬರಿಗೆ ತೋರಿಸಿ, ಅವರೂ ಅದನ್ನೇ ಹೇಳಿದರೆ ನಾನೇ ಜೊತೆಗೆ ಬರುತ್ತೇನೆ” ಅಂದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗಿ ಸರ್ಕಾರಿ ಆಸ್ಪತ್ರೆಯ ಚೀಟಿ ಮಾಡಿಸಿದೆವು. ಕಾದದ್ದು ಮೂರು ಗಂಟೆ, ಅದು ನಿಜ. ಆದರೆ ಅಲ್ಲಿನ ಡಾಕ್ಟರಮ್ಮ ಅವಳನ್ನು ಸರಿಯಾಗಿ ಪರೀಕ್ಷೆ ಮಾಡಿದರು. ದಿನಕ್ಕೆ ಎಷ್ಟು ಪ್ಯಾಡ್, ಎಷ್ಟು ದಿನ, ಹೆಪ್ಪು ಬೀಳುತ್ತಾ ಅಂತ ಒಂದೊಂದೇ ಕೇಳಿದರು. ರಕ್ತದಲ್ಲಿ ಥೈರಾಯ್ಡ್ ತೊಂದರೆ ಸಿಕ್ಕಿತು. ಬಿಳಿ ಸೆರಗಿಗೆ ಸೋಂಕು ಕಾರಣ, ಗಂಡ ಹೆಂಡತಿ ಇಬ್ಬರೂ ಮಾತ್ರೆ ತಗೊಳ್ಳಬೇಕು ಅಂದರು. ಕ್ಯಾನ್ಸರ್ ಭಯಕ್ಕೆ ಗರ್ಭಕೋಶದ ಬಾಯಿ ಪರೀಕ್ಷೆ ಮಾಡಿ, ಏನೂ ಇಲ್ಲ ಅಂತ ತೋರಿಸಿದರು. ಥೈರಾಯ್ಡ್ ಮಾತ್ರೆ, ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆ, ಕಬ್ಬಿಣಾಂಶದ ಇಂಜೆಕ್ಷನ್. ನಾಲ್ಕು ತಿಂಗಳಲ್ಲಿ ಅವಳ ಮುಖಕ್ಕೆ ಬಣ್ಣ ಬಂತು. ಈಗ ಐದು ದಿನಕ್ಕೆ ಮುಟ್ಟು ಮುಗಿಯುತ್ತದೆ. ಮೊನ್ನೆ ಬಂದು ಲಂಗ ಹೊಲಿಯಲು ಕೊಟ್ಟಳು. ಲಾಡಿಯ ಲಂಗ.

ಅವಳಿಗೆ ಸಿಕ್ಕಿದ್ದು ದೊಡ್ಡ ಊರಿನ ದೊಡ್ಡ ಚಿಕಿತ್ಸೆಯಲ್ಲ. ಮುಟ್ಟು ಜಾಸ್ತಿಯಾದರೆ ಮೊದಲು ಕಾರಣ ಹುಡುಕಬೇಕು. ಥೈರಾಯ್ಡ್ ಇರಬಹುದು, ಹಾರ್ಮೋನಿನ ಏರುಪೇರು ಇರಬಹುದು, ಗಡ್ಡೆ ಇರಬಹುದು, ಪಾಲಿಪ್ ಅನ್ನುವ ಚಿಕ್ಕ ಮಾಂಸದ ಗಂಟು ಇರಬಹುದು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಇದೆ, ಹಾರ್ಮೋನಿನ ಮಾತ್ರೆ ಇದೆ. ಕಾಪರ್-ಟಿ ಥರ ಒಳಗೆ ಹಾಕುವ, ಹಾರ್ಮೋನು ಬಿಡುವ ಒಂದು ಸಾಧನ ಇದೆ. ಐದು ವರ್ಷ ಕೆಲಸ ಮಾಡುತ್ತದೆ, ರಕ್ತ ಹೋಗುವುದನ್ನು ತುಂಬಾ ಕಡಿಮೆ ಮಾಡುತ್ತದೆ, ಬೇಡವಾದರೆ ತೆಗೆಸಬಹುದು. ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಗರ್ಭಕೋಶ ಉಳಿಸಿ ಒಳಪದರವನ್ನು ಮಾತ್ರ ಸುಡುವ ವಿಧಾನವೂ ಇದೆ. ಇದೆಲ್ಲ ನನಗೆ ಗೊತ್ತಾಗಿದ್ದು ಮಗಳ ಪಠ್ಯಪುಸ್ತಕದಿಂದ, ಆ ಡಾಕ್ಟರಮ್ಮನ ಬಾಯಿಂದ. 2016ರಲ್ಲಿ ಇದರಲ್ಲಿ ಒಂದನ್ನಾದರೂ ಯಾರಾದರೂ ಹೇಳಿದ್ದರೆ ನಾನು ಸ್ಟೂಲಿನ ಮೇಲೆ ಇನ್ನೊಂದಾರು ತಿಂಗಳು ಸೀರೆ ಮಡಚಿ ಹಾಕಿಕೊಂಡು ಕೂರುತ್ತಿದ್ದೆ.

ಗರ್ಭಕೋಶ ತೆಗೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಚಿಕ್ಕಮ್ಮನಿಗೆ ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ಕೂರಲು ಆಗದೆ, ಉಚ್ಚೆ ಹಿಡಿಯಲು ಆಗದೆ ವರ್ಷಗಟ್ಟಲೆ ಒದ್ದಾಡಿದಳು. 58ನೇ ವಯಸ್ಸಿನಲ್ಲಿ ತೆಗೆಸಿದ ಮೇಲೆ ಮತ್ತೆ ಮನುಷ್ಯಳಾದೆ ಅಂದಳು. ಕ್ಯಾನ್ಸರ್ ಇದ್ದರೆ ತೆಗೆಯಬೇಕಾಗುತ್ತದೆ. ಹೆರಿಗೆಯಲ್ಲಿ ರಕ್ತ ನಿಲ್ಲದೇ ಹೋದಾಗ ಜೀವ ಉಳಿಸಲು ತೆಗೆಯುತ್ತಾರೆ. ಮಾತ್ರೆ, ಇಂಜೆಕ್ಷನ್ ಎಲ್ಲ ನೋಡಿಯೂ ಆಗದ ದೊಡ್ಡ ಗಡ್ಡೆಗಳಿರುತ್ತವೆ. ಕೊನೆಗೆ ಮಾಡಬೇಕಾದದ್ದನ್ನು ಮೊದಲೇ ಮಾಡುತ್ತಿದ್ದಾರೆ ಅನ್ನುವುದೇ ನನ್ನ ದೂರು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಎಷ್ಟೋ ಸಲ ಹೆಂಗಸರೇ “ತೆಗೆದುಬಿಡಿ” ಅನ್ನುತ್ತಾರೆ. ಅದು ಯಾಕೆ ಅಂತ ನೀವು ನಮ್ಮ ಕಡೆ ಬಂದು ನೋಡಬೇಕು. ಡಿಸೆಂಬರಿನಿಂದ ಕಾಫಿ ಹಣ್ಣು ಕೀಳುವ ಕೆಲಸ. ಬೆಳಿಗ್ಗೆ ಏಳೂವರೆಗೆ ಪಿಕಪ್ ಬರುತ್ತದೆ. ಇಪ್ಪತ್ತು ಜನ ನಿಂತುಕೊಂಡೇ ಹೋಗುತ್ತಾರೆ. ತೋಟದಲ್ಲಿ ಎಷ್ಟೋ ಕಡೆ ಹೆಂಗಸರಿಗೆ ಅಂತ ಒಂದು ಮರೆಯಿಲ್ಲ, ನಲ್ಲಿಯಿಲ್ಲ. ಬಟ್ಟೆ ಬದಲಾಯಿಸಲು ಗಿಡದ ಸಂದಿಗೆ ಹೋಗಬೇಕು. ಕೀಳುವುದು ಕೆಜಿ ಲೆಕ್ಕ. ಎದ್ದು ಹೋದಷ್ಟೂ ಕೂಲಿ ಕಮ್ಮಿ. ಶುಂಠಿ ಹೊಲದಲ್ಲೂ ಹಾಗೇ. ಸಂಜೆ ಮನೆಗೆ ಬಂದರೆ ಕೆಲವು ಮನೆಯಲ್ಲಿ ಮೂರು ದಿನ ಜಗಲಿಯ ಮೂಲೆ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೆ ಒಂದು ಸಲ. ಆಗ ಮುಟ್ಟಾಗಬಾರದು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುತ್ತಾರೆ. ಮದುವೆಗೆ ಒಂದು ಸಲ, ಧರ್ಮಸ್ಥಳಕ್ಕೆ ಒಂದು ಸಲ, ಗೃಹಪ್ರವೇಶಕ್ಕೆ ಒಂದು ಸಲ. ಚೀಟಿ ಇಲ್ಲ, ಯಾರು ನುಂಗಬಾರದು ಅಂತ ಹೇಳುವವರಿಲ್ಲ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ, ಕೆಲವರಿಗೆ ಜಾಸ್ತಿ ಬರುತ್ತದೆ. ಆಗ ಹೆದರಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಸಾಲುಸಾಲಾಗಿ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅವರಿಗೂ ಕೂಲಿ ಮತ್ತು ಮುಟ್ಟಿನ ನಡುವೆ ಇದೇ ಜಗಳವಿತ್ತು. “ಪೀಡೆ ಹೋದರೆ ಸಾಕು” ಅಂತ ಹೆಂಗಸು ಹೇಳಿದರೆ, ಅವಳು ಕೇಳುತ್ತಿರುವುದು ವಿಶ್ರಾಂತಿಯನ್ನು, ಒಂದು ಶೌಚಾಲಯವನ್ನು, ಮೈಯಲ್ಲಿ ಸ್ವಲ್ಪ ರಕ್ತವನ್ನು. ಆಪರೇಷನ್ನನ್ನಲ್ಲ.

ರಕ್ತದ ಮಾತು ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. 8ಕ್ಕಿಂತ ಕೆಳಗೆ ಬಂದರೆ ತೀವ್ರ ರಕ್ತಹೀನತೆ. ನನ್ನದು 7.6 ಇತ್ತು. ತಾಯಿ ಕಾರ್ಡ್ ಇದ್ದಾಗ ತಿಂಗಳು ತಿಂಗಳು ನನ್ನ ರಕ್ತ ನೋಡಿದರು, ಮಾತ್ರೆ ಕೊಟ್ಟರು, ನುಂಗಿದೆಯಾ ಅಂತ ಮನೆಗೆ ಬಂದು ಕೇಳಿದರು. ಮಕ್ಕಳಾಗಿ ಆಪರೇಷನ್ ಆದ ಮೇಲೆ ನನ್ನ ಬೆರಳು ಚುಚ್ಚಿ ನೋಡಿದವರು ಯಾರೂ ಇಲ್ಲ. ಬಸುರಿ, ಬಾಣಂತಿ ಆಗಿದ್ದಾಗ ಮಾತ್ರ ಹೆಂಗಸಿನ ಮೈ ಲೆಕ್ಕಕ್ಕೆ ಬರುತ್ತದೆ. 25ಕ್ಕೆ ಹೆರಿಗೆ ಮುಗಿಸಿದವಳಿಗೆ ಮುಂದೆ ಇಪ್ಪತ್ತು ವರ್ಷ ಮುಟ್ಟಿರುತ್ತದೆ, ಅಲ್ವಾ?

ಈಗ ಕಾನೂನಿನ ಮಾತು. ರಾಜಸ್ಥಾನದ ವೈದ್ಯ ನರೇಂದ್ರ ಗುಪ್ತಾ ಅವರು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬಿಹಾರ, ಛತ್ತೀಸಗಢ, ರಾಜಸ್ಥಾನದಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯುತ್ತಿದ್ದಾರೆ ಅನ್ನುವುದು ಅವರ ಅರ್ಜಿ. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಇದನ್ನು ತಡೆಯಲು ಮಾರ್ಗಸೂಚಿ ಮಾಡಿತು. 2023ರ ಏಪ್ರಿಲ್ 5ರಂದು ಕೋರ್ಟು, ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕು ಅಂತ ಹೇಳಿತು. ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕು, 40ರ ಒಳಗಿನ ಹೆಂಗಸರ ಗರ್ಭಕೋಶ ತೆಗೆದರೆ ಕಾರಣದ ಸಮೇತ ವರದಿಯಾಗಬೇಕು ಅನ್ನುವುದು ಆ ಮಾರ್ಗಸೂಚಿಯಲ್ಲಿದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಇಂಥ ಆಪರೇಷನ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆಗಿದ್ದವು. ಅರ್ಧಕ್ಕಿಂತ ಜಾಸ್ತಿ ಹೆಂಗಸರು ಹೇಳಿದ ಕಾರಣ ಮುಟ್ಟಿನ ರಕ್ತಸ್ರಾವ ಮತ್ತು ನೋವು. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ಆಗುವುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ಕೆಳಗೆ. ಅದರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ನೀವು ಸದಸ್ಯ ಕಾರ್ಯದರ್ಶಿ. ಹಾಗಾಗಿ ಈ ಪತ್ರವನ್ನು ಬೇರೆ ಯಾರಿಗೂ ಬರೆಯದೆ ನಿಮಗೇ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟು. ನಮ್ಮ ಜಿಲ್ಲೆಯಲ್ಲಿ ಒಂದು ವರ್ಷಕ್ಕೆ ಎಷ್ಟು ಹೆಂಗಸರ ಗರ್ಭಕೋಶ ತೆಗೆದರು, ಅದರಲ್ಲಿ 40ರ ಒಳಗಿನವರು ಎಷ್ಟು, ಏನು ಕಾರಣ, ಎಷ್ಟು ಜನರ ಅಂಡಾಶಯವನ್ನೂ ತೆಗೆದರು ಅನ್ನುವ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸಿ. ಸರ್ಕಾರಿ, ಖಾಸಗಿ ಎರಡೂ ಸೇರಬೇಕು. ಹೆಂಗಸರ ಹೆಸರು ಬೇಡ, ಅಂಕಿ ಸಾಕು. ನಿಗಾ ಸಮಿತಿಯಲ್ಲಿ ಆಪರೇಷನ್ ಆದ ಒಬ್ಬ ಹಳ್ಳಿಯ ಹೆಂಗಸನ್ನೂ ಕೂರಿಸಿ.

40ರ ಒಳಗಿನ ಯಾವ ಹೆಂಗಸಿಗೂ, ಜೀವಕ್ಕೆ ಅಪಾಯ ಇಲ್ಲದಿದ್ದರೆ, ಇನ್ನೊಬ್ಬ ಡಾಕ್ಟರು ನೋಡಿ ಹೇಳದೆ ಗರ್ಭಕೋಶ ತೆಗೆಯಬಾರದು. ಅದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ಇಡಿ. ಪ್ರತಿ ತಿಂಗಳ 9ನೇ ತಾರೀಕು ಬಸುರಿಯರ ತಪಾಸಣೆ ಅಂತ ಈಗ ಹಳ್ಳಿಯವರಿಗೆಲ್ಲ ಬಾಯಿಪಾಠವಾಗಿದೆ. ಹಾಗೇ ಇದಕ್ಕೂ ಒಂದು ದಿನ ಗೊತ್ತಾದರೆ ಕೂಲಿ ಬಿಟ್ಟಾದರೂ ಬರುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್ ಅಲ್ಲೇ ಆಗಲಿ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆ, ಹಾರ್ಮೋನು ಬಿಡುವ ಆ ಸಾಧನ ಅಲ್ಲೇ ಸಿಗಲಿ. ಹಾಸನಕ್ಕೆ ಬರಲು ಸಕಲೇಶಪುರದ ಆಚೆಯ ಎಸ್ಟೇಟಿನ ಹೆಂಗಸಿಗೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಎರಡೂ ಹೋಗುತ್ತದೆ.

ಒಪ್ಪಿಗೆಯ ಕಾಗದ ಕನ್ನಡದಲ್ಲಿರಲಿ. ಒಂದು ಚಿತ್ರ ಹಾಕಿ. ಗರ್ಭಕೋಶ ಇದು, ಅಂಡಾಶಯ ಇದು, ಇದರಲ್ಲಿ ಯಾವುದನ್ನು ತೆಗೆಯುತ್ತೇವೆ ಅಂತ ಅದರ ಮೇಲೆ ಗುರುತು ಮಾಡಿ, ಹೆಂಗಸಿಗೇ ತೋರಿಸಿ, ಅವಳ ಹತ್ತಿರವೇ ಸೈನ್ ಹಾಕಿಸಿ. ಇದಕ್ಕೆ ದೊಡ್ಡ ಖರ್ಚಿಲ್ಲ. ನಾನು ಒಂದು ಬ್ಲೌಸಿಗೆ ಎಲ್ಲಿ ಕತ್ತರಿ ಹಾಕುತ್ತೇನೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿ, ಗಿರಾಕಿ ಹೂಂ ಅಂದ ಮೇಲೆ ಕತ್ತರಿಸುತ್ತೇನೆ. ಮನೆಗೆ ಕಳಿಸುವಾಗ ಏನು ತೆಗೆದರು, ಲ್ಯಾಬಿನಲ್ಲಿ ಏನು ಬಂತು, ಮುಂದೆ ಏನು ಮಾತ್ರೆ ಅಂತ ಕನ್ನಡದಲ್ಲೇ ಬರೆದುಕೊಡಿ.

ಕೊನೆಯದು, ಈಗಾಗಲೇ ತೆಗೆಸಿಕೊಂಡವರ ವಿಷಯ. ನಮ್ಮನ್ನು ಯಾವ ಪಟ್ಟಿಯಲ್ಲೂ ಹಾಕಿಲ್ಲ. ಬಿಸಿ ಏರುತ್ತದೆ ಅಂದರೆ ಬಿಪಿ ಅನ್ನುತ್ತಾರೆ, ಮಂಡಿ ನೋವು ಅಂದರೆ ನೋವಿನ ಮಾತ್ರೆ ಕೊಡುತ್ತಾರೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ: ಗರ್ಭಕೋಶ ತೆಗೆಸಿದ್ದೀರಾ, ಯಾವ ವಯಸ್ಸಿನಲ್ಲಿ, ಕಾಗದ ಇದೆಯಾ. 45ರ ಒಳಗಿರುವವರನ್ನು ಹಾರ್ಮೋನಿನ ಸಲಹೆಗೆ, ಉಳಿದವರನ್ನು ಮೂಳೆ ಪರೀಕ್ಷೆಗೆ, ಕ್ಯಾಲ್ಸಿಯಂಗೆ ಕಳಿಸಿ. ನನ್ನ ಪುಸ್ತಕದ ಹೆಂಗಸರಲ್ಲಿ ಅತಿ ಚಿಕ್ಕವಳಿಗೆ ಈಗ 36. ಅವಳ ಮಣಿಕಟ್ಟು ಮುರಿಯುವವರೆಗೆ ಕಾಯುವುದು ಬೇಡ.

ನೀವು ಈ ಬಗ್ಗೆ ಸಭೆ ಕರೆದರೆ ನಾನು ಬರುತ್ತೇನೆ. ನಮ್ಮೂರ ಸಂತೆ ದಿನ ಒಂದು ಬಿಟ್ಟು ಯಾವ ದಿನವಾದರೂ ಸರಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಕಚೇರಿ ತೆಗೆಯುವ ಹೊತ್ತಿಗೆ ಅಲ್ಲಿರುತ್ತೇನೆ. ಇನ್ನೂ ಮೂರು ಜನ ಜೊತೆಗೆ ಬರಲು ಒಪ್ಪಿದ್ದಾರೆ. ನಮ್ಮ ನಾಲ್ಕೂ ಜನರ ಫೈಲಿನ ಜೆರಾಕ್ಸ್ ಎರಡು ಸೆಟ್ ಮಾಡಿಸಿಟ್ಟಿದ್ದೇನೆ. ಒಂದು ನಿಮಗೆ.

ಇಂತಿ ತಮ್ಮ ವಿಶ್ವಾಸಿ,
ಬೇಲೂರು ತಾಲ್ಲೂಕಿನ ಒಬ್ಬ ಟೈಲರ್